ಹಳೆಯ ಪೇಟೆ, ಹೊಸ ಬೋರ್ಡು

ಅಂಗಡಿಯ ಬೋರ್ಡು ಬದಲಾಗುತ್ತಿದ್ದುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಅಣ್ಣತಮ್ಮಂದಿರು ಬೇರೆಯಾದಾಗ, ಇಲ್ಲವೇ ದೀಪಾವಳಿಗೆ ಸುಣ್ಣಬಣ್ಣ ಮಾಡಿಸಿದಾಗ. 2024ರಲ್ಲಿ ಇವೆರಡರ ಜೊತೆಗೆ ಸರ್ಕಾರವೇ ಮೂರನೆಯ ಕಾರಣವೊಂದನ್ನು ಒದಗಿಸಿತು. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಗಳಿಗಾಗಿ ಚಳವಳಿ ನಡೆಯಿತು. ಎರಡು ತಿಂಗಳೊಳಗೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ವಿಧಾನಮಂಡಲ ತಿದ್ದುಪಡಿ ತಂದಿತು. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಆ ಕನ್ನಡ ಬೋರ್ಡಿನ ಮೇಲರ್ಧದಲ್ಲಿರಬೇಕು ಎಂಬುದು ಅದರ ಸಾರ. ನಿಯಮ ನ್ಯಾಯವಾದದ್ದೇ. ಆದರೆ ಕನ್ನಡ ಎಷ್ಟಿರಬೇಕೆಂದು ಹೇಳಿದ ಕಾನೂನು, ಹೇಗಿರಬೇಕೆಂದು ಹೇಳಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಅದು ವ್ಯಾಪಾರಸ್ಥರ, ಬೋರ್ಡು ಬರೆಯುವವರ ಮತ್ತು ಊರಿನವರ ಕೆಲಸ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳೆಯ ಪೇಟೆಗಳಲ್ಲಿ ಆ ಕೆಲಸ ಹೇಗೆ ಆಗಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಈ ಊರುಗಳನ್ನು ಐತಿಹಾಸಿಕ ಎಂದರೆ ಕೆಲವರು ನಗಬಹುದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ನೂರು ವರ್ಷದ ಕಿರಾಣಿ ಅಂಗಡಿಗೆ ಯಾರೂ ಇತಿಹಾಸದ ಮಾನ ಕೊಡುವುದಿಲ್ಲ. ಆದರೂ ಈ ಸಣ್ಣ ಸುತ್ತಿನಲ್ಲಿ ಎಷ್ಟು ಆಡಳಿತಗಳಿದ್ದವು ನೋಡಬೇಕು. ಜಮಖಂಡಿಯಲ್ಲಿ 1811ರಿಂದ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯಲ್ಲಿ ಸಾಂಗಲಿ ಸಂಸ್ಥಾನ, ಬೀಳಗಿಯಲ್ಲಿ ಬ್ರಿಟಿಷರ ವಿಜಾಪುರ ಜಿಲ್ಲೆ. ಪ್ರತಿ ರಾಜಧಾನಿಗೂ ಅರಮನೆಯ ಹತ್ತಿರ ತನ್ನದೇ ಪೇಟೆ ಬೇಕಾಯಿತು. ನೂಲು, ಬೆಲ್ಲ, ಬಂಗಾರ, ಕಾಳುಕಡಿ ಎಲ್ಲಕ್ಕೂ ಒಂದೊಂದು ಸಾಲು ಎದ್ದಿತು. ಆಡಳಿತದ ಬರವಣಿಗೆ ಮರಾಠಿಯಲ್ಲಿ, ಅದರಲ್ಲೂ ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದ ಸಂಸ್ಥಾನಗಳು ಇವು. ಹಾಗಿದ್ದೂ 1937ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದ್ದು ಜಮಖಂಡಿಯಲ್ಲೇ. ಬೆಳ್ಳಾವೆ ವೆಂಕಟನಾರಣಪ್ಪನವರು ಅದರ ಅಧ್ಯಕ್ಷರಾಗಿದ್ದರು. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಬಾಗಲಕೋಟೆ ಜಿಲ್ಲೆ.

ಈ ಚರಿತ್ರೆ ಓದಲು ಗ್ರಂಥಾಲಯಕ್ಕೆ ಹೋಗಬೇಕಿಲ್ಲ, ಬೋರ್ಡಿನ ಕಟ್ಟಕಡೆಯ ಸಾಲು ಸಾಕು. ಬನಹಟ್ಟಿಯ ಅಂಗಡಿಯೊಂದು 1990ರಲ್ಲಿ ತನ್ನ ವಿಳಾಸವನ್ನು ‘ತಾ. ಜಮಖಂಡಿ, ಜಿ. ವಿಜಾಪುರ’ ಎಂದು ಬರೆಸಬೇಕಿತ್ತು. 1997ರ ನಂತರ ‘ಜಿ. ಬಾಗಲಕೋಟ’ ಆಯಿತು. 2018ರಲ್ಲಿ ಹೊಸ ತಾಲ್ಲೂಕು ಬಂದು ‘ತಾ. ರಬಕವಿ-ಬನಹಟ್ಟಿ’ ಆಯಿತು. ಅಂಗಡಿ ಮಾತ್ರ ಒಂದಡಿಯೂ ಕದಲಿಲ್ಲ.

ಕೈಯಿಂದ ಬರೆದ ಹಳೆಯ ಬೋರ್ಡಿಗೆ ಒಂದು ವ್ಯಾಕರಣವಿತ್ತು. ಎಲ್ಲಕ್ಕೂ ಮೇಲೆ ದೇವರ ಸಾಲು: ಬನಹಟ್ಟಿಯಾದರೆ ಶ್ರೀ ಕಾಡಸಿದ್ಧೇಶ್ವರ ಪ್ರಸನ್ನ, ರಬಕವಿಯಾದರೆ ಶ್ರೀ ಶಂಕರಲಿಂಗ ಪ್ರಸನ್ನ, ಉಳಿದೆಡೆ ಮನೆದೇವರು ಯಾರೋ ಅವರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅಂಗಡಿಯ ಹೆಸರು. ಆಮೇಲೆ ಮಾಲಿನ ವಿವರ, ‘ಯೋಗ್ಯ ದರದಲ್ಲಿ’ ಎಂಬ ಭರವಸೆ. ಕೆಳಗೆ ‘ಪ್ರೊ.’ ಎಂದು ಹಾಕಿ ಮಾಲೀಕರ ಹೆಸರು. ಬಲಗಡೆಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಪೇಂಟರ್ ಸಹಿ. ಬೆಲ್ಲದ, ಜವಳಿ, ಎಣ್ಣಿ, ಬಳಿಗಾರ, ಪತ್ತಾರ ಎಂಬ ಅಡ್ಡಹೆಸರುಗಳಿರುವ ಸೀಮೆಯಲ್ಲಿ ಮಾಲೀಕರ ಹೆಸರೊಂದೇ ಅರ್ಧ ಬೋರ್ಡಿನ ಕೆಲಸ ಮುಗಿಸುತ್ತಿತ್ತು. (ಬೆಲ್ಲದ ಅವರ ಅಂಗಡಿಯಲ್ಲಿ ಮೊಬೈಲು, ಜವಳಿಯವರ ಅಂಗಡಿಯಲ್ಲಿ ಟೈರು ಸಿಗುವ ಕಾಲ ಬಂದದ್ದು ಬೇರೆ ಮಾತು.) ಈ ವ್ಯಾಕರಣವನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಆದರೂ ಇಡೀ ಬೀದಿ ಅದನ್ನು ಪಾಲಿಸುತ್ತಿದ್ದುದರಿಂದ ಗಿರಾಕಿಗೆ ಕಣ್ಣು ಎಲ್ಲಿ ಇಡಬೇಕೆಂದು ಗೊತ್ತಿರುತ್ತಿತ್ತು.

ಬೋರ್ಡು ಕೂರುತ್ತಿದ್ದ ಜಾಗವನ್ನು ಕಟ್ಟಡವೇ ನಿಶ್ಚಯಿಸುತ್ತಿತ್ತು. ಈ ಭಾಗದ ಹಳೆಯ ಅಂಗಡಿಯ ಮೋರೆ ಎಲ್ಲರಿಗೂ ಪರಿಚಿತ. ಬೀದಿಗಿಂತ ಎತ್ತರದ ಕಲ್ಲಿನ ಕಟ್ಟೆ, ಒಂದೊಂದಾಗಿ ತೆಗೆದು ಒಳಗೆ ಒರಗಿಸಿಡುವ ಹಲಗೆ ಬಾಗಿಲು, ಒಳಗೆ ಗಾದಿ, ಮೇಲೆ ಕಟ್ಟಿಗೆಯ ತೊಲೆ ಅಥವಾ ಕಲ್ಲಿನ ಕಮಾನು, ಅದರ ಮೇಲೆ ಮಾಳಿಗೆಯ ಗೋಡೆ ಇಲ್ಲವೇ ಗ್ಯಾಲರಿ. ತೊಲೆಗೂ ಗ್ಯಾಲರಿಗೂ ನಡುವೆ ಒಂದೂವರೆ ಎರಡು ಅಡಿ ಎತ್ತರದ ಪಟ್ಟಿ ಖಾಲಿ ಉಳಿಯುತ್ತದೆ. ತಗಡಿನ ಬೋರ್ಡು ಕೂರುತ್ತಿದ್ದುದು ಆ ಪಟ್ಟಿಯಲ್ಲಿ. ಕಮಾನಿನ ಕಲ್ಲು, ಕಂಬದ ಬೋದಿಗೆ, ಗ್ಯಾಲರಿಯ ಕಠಡೆ ಯಾವುದೂ ಮುಚ್ಚುತ್ತಿರಲಿಲ್ಲ. ಈಗ ಆಗುತ್ತಿರುವುದು ಇದರ ತದ್ವಿರುದ್ಧ. ನೆಲದಿಂದ ಮಾಳಿಗೆಯ ತುದಿಯವರೆಗೆ ಎಸಿಪಿ ಶೀಟು ಹೊದಿಸಿ, ಅದರ ಮೇಲೆ ಎಲ್‌ಇಡಿ ಅಕ್ಷರ ಕೂರಿಸಿ, ಹಿಂದೆ ಕಟ್ಟಡ ಇದೆಯೋ ಇಲ್ಲವೋ ತಿಳಿಯದ ಹಾಗೆ ಮಾಡುವುದೇ ‘ಶೋರೂಂ ಲುಕ್’ ಎನಿಸಿಕೊಂಡಿದೆ.

ಆ ಲುಕ್ಕಿನ ಬೆಲೆ ಬರೀ ಅಂದಚೆಂದದ್ದಲ್ಲ. ಎಸಿಪಿ ಎಂದರೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ತಿರುಳು. ಅಗ್ಗದ ಶೀಟುಗಳಲ್ಲಿ ಆ ತಿರುಳು ಪಾಲಿಎಥಿಲೀನು, ಬೆಂಕಿಗೆ ಸಲೀಸಾಗಿ ಉರಿಯುವ ವಸ್ತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹೊರಗೋಡೆಗೆ ಹೊದಿಸಿದ್ದ ಇದೇ ಬಗೆಯ ಶೀಟು ಹತ್ತಿಕೊಂಡು ಬೆಂಕಿ ಮೇಲಿನ ಮಹಡಿಗಳಿಗೆ ಏರಿತು; 72 ಜನ ಸತ್ತರು. ಒಂದು ಮಾಳಿಗೆಯ ಅಂಗಡಿಯನ್ನು ಇಪ್ಪತ್ತನಾಲ್ಕು ಮಹಡಿಯ ಕಟ್ಟಡಕ್ಕೆ ಹೋಲಿಸುವಂತಿಲ್ಲ, ನಿಜ. ಆದರೆ ಬನಹಟ್ಟಿಯಂಥ ಊರಿನಲ್ಲಿ ಅಂಗಡಿಯ ಒಳಗಿರುವುದು ನೂಲು ಮತ್ತು ಸೀರೆ, ಮೇಲಿರುವುದು ಕಟ್ಟಿಗೆಯ ತೊಲೆ-ಜಂತಿ, ಬೋರ್ಡಿನ ಹಿಂದೆ ಜೋತಾಡುವುದು ಕರೆಂಟಿನ ವೈರು. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೂ ಮುಂಗೋಡೆಗೆ ಶೀಟು ಹೊದಿಸುವವರು ಧೈರ್ಯವಂತರೇ ಸರಿ. ಕಲ್ಲಿಗೆ ಡ್ರಿಲ್ ಹೊಡೆದ ತೂತುಗಳಲ್ಲಿ ಮಳೆನೀರು ಇಳಿದು ಮಣ್ಣಿನ ಮಾಳಿಗೆ ಕುಸಿಯುವುದು ಇನ್ನೊಂದು ತಾಪತ್ರಯ. ಬೋರ್ಡು ಕೂರಿಸಲೇಬೇಕಾದರೆ ಮೊಳೆಯನ್ನು ಕಲ್ಲಿನ ಮೈಗೆ ಹೊಡೆಯದೆ ಕಲ್ಲುಗಳ ನಡುವಿನ ಗಾರೆಯ ಸಂದಿಗೆ ಹೊಡೆಯಬೇಕು. ಗಾರೆಯನ್ನು ನಾಳೆ ತುಂಬಿಸಬಹುದು, ಸೀಳಿದ ಕಲ್ಲನ್ನು ಕೂಡಿಸಲಾಗದು.

ಫ್ಲೆಕ್ಸ್ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸಬೇಕಿಲ್ಲ. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಅವು ರಾತ್ರೋರಾತ್ರಿ ಕೆಳಗಿಳಿದವು. ನಮ್ಮ ಕಡೆಯ ಬಿಸಿಲಿಗೆ ಫ್ಲೆಕ್ಸಿನ ಕೆಂಪು ಬಣ್ಣ ಒಂದೆರಡು ಬೇಸಿಗೆಯಲ್ಲೇ ಹಾರಿ ಹೋಗುತ್ತದೆ. ಕಾನೂನಿಗಿಂತ ಸೂರ್ಯನೇ ಚೆನ್ನಾಗಿ ಜಾರಿ ಮಾಡುತ್ತಿದ್ದಾನೆ ಎನ್ನಬೇಕು.

ಹೆಚ್ಚು ಮಾತಾಡಬೇಕಾದದ್ದು ಅಕ್ಷರದ ಬಗ್ಗೆ. ತಗಡಿನ ಬೋರ್ಡು ತಯಾರಾಗುವುದನ್ನು ನಿಂತು ನೋಡಿದವರಿಗೆ ಗೊತ್ತಿರುತ್ತದೆ. ಮೊದಲು ತಗಡಿಗೆ ರೆಡ್ ಆಕ್ಸೈಡ್, ಒಣಗಿದ ಮೇಲೆ ಎನಾಮೆಲ್ಲಿನ ಎರಡು ಕೋಟು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿಗೆ ಬಿಗಿಹಿಡಿದು ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ನೆಟ್ಟನೆಯ ಬಿಳಿ ಗೆರೆ. ಅಂಥ ಗೆರೆ ಒಂದು ಸಾಲಿಗೆ ಎರಡು ಸಾಲದು, ಮೂರು ಬೇಕು: ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಿನ ತುದಿಗೆ ಒಂದು. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲಗೈ ಊರಿ, ಕೂದಲಿನ ಬ್ರಶ್ಶನ್ನು ಅಕ್ಷರದ ಸುತ್ತು ತಿರುಗಿದಂತೆಲ್ಲ ಬೆರಳಲ್ಲೇ ಹೊರಳಿಸುತ್ತ ಪೇಂಟರ್ ಬರೆಯುತ್ತಾರೆ. ‘ವಸ್ತ್ರ’ ಎಂಬ ಪದಕ್ಕೆ ಬಂದಾಗ ಅವರ ಕೈ ನಿಧಾನವಾಗುತ್ತದೆ. ಸಕಾರದ ಕೆಳಗೆ ತಕಾರದ ಒತ್ತು ಇಳಿಯಬೇಕು, ಅದರ ಪಕ್ಕಕ್ಕೆ ರಕಾರದ ಒತ್ತು ಬಾಗಬೇಕು, ಎರಡೂ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಸೀರೆಯ ಊರಿನಲ್ಲಿ ಬೋರ್ಡು ಬರೆಯುವವರಿಗೆ ಈ ಒಂದು ಅಕ್ಷರವೇ ಪರೀಕ್ಷೆ.

ಅದೇ ಪದ ಕಂಪ್ಯೂಟರಿಗೆ ಹೋದಾಗ ಏನಾಗುತ್ತದೆ? ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತುಗಳು ಕೆಳಗಿಳಿಯದೆ ‘ವಸ್‌ತ್‌ರ’ ಎಂದು ಸಾಲಾಗಿ ನಿಂತುಬಿಡುತ್ತವೆ. ನೋಡುವವರಿಲ್ಲದಿದ್ದರೆ ಹಾಗೇ ಪ್ರಿಂಟಾಗಿ ಹತ್ತು ಅಡಿ ಬೋರ್ಡಾಗಿ ಏರುತ್ತದೆ. ಒತ್ತು ಸರಿಬಂದರೂ ಇನ್ನೊಂದು ಅಪಾಯ ಕಾದಿರುತ್ತದೆ. ಹೆಸರು ಚಿಕ್ಕದು, ಬೋರ್ಡು ಉದ್ದ. ಡಿಸೈನರ್ ಮೌಸಿನಿಂದ ಮೂಲೆ ಹಿಡಿದು ಅಡ್ಡಡ್ಡ ಎಳೆಯುತ್ತಾನೆ. ದುಂಡಗಿನ ಕನ್ನಡ ಅಕ್ಷರ ತತ್ತಿಯ ಆಕಾರಕ್ಕೆ ತಿರುಗುತ್ತದೆ, ನಿಂತ ಗೆರೆ ದಪ್ಪ, ಮಲಗಿದ ಗೆರೆ ಸಪೂರ. ಇಂಗ್ಲಿಷಿನ ನೆಟ್ಟಗಿನ ಅಕ್ಷರಗಳು ಈ ಎಳೆದಾಟವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ, ಕನ್ನಡ ತಾಳುವುದಿಲ್ಲ. ಶೇಕಡಾ 60ರ ಲೆಕ್ಕ ತುಂಬಿಸಲು ಹೀಗೆ ಎಳೆದು ಹಿಗ್ಗಿಸಿದ ಕನ್ನಡ ಎರಡು ವರ್ಷಗಳಲ್ಲಿ ಬೀದಿ ತುಂಬ ಬಂದಿದೆ. ಇನ್‌ಸ್ಪೆಕ್ಟರ್ ಟೇಪು ಹಿಡಿದರೆ ಇದು ಪಾಸಾಗುತ್ತದೆ, ಓದುವವನ ಕಣ್ಣಿಗೆ ಆಗುವುದಿಲ್ಲ.

ಇದಕ್ಕೆ ಸಾಮಗ್ರಿ ಇಲ್ಲವೆಂದು ನೆಪ ಹೇಳುವ ಕಾಲ ಮುಗಿದಿದೆ. ನುಡಿ, ಬರಹಗಳಿಂದ ಶುರುವಾದ ದಾರಿಯಲ್ಲಿ ಈಗ ಬಲೂ ತಮ್ಮ, ಅಕಾಯಾ ಕನಡಕ, ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟುಗಳು ದುಡ್ಡಿಲ್ಲದೆ ಸಿಗುತ್ತವೆ. ಅನೇಕ್‌ನಲ್ಲಿ ಅಗಲವಾದ ಮತ್ತು ಕಿರಿದಾದ ರೂಪಗಳನ್ನು ಅಕ್ಷರ ಬಲ್ಲವರೇ ತಿದ್ದಿ ಕೂರಿಸಿದ್ದಾರೆ. ಉದ್ದದ ಬೋರ್ಡಿಗೆ ಅಗಲದ ರೂಪ ಆರಿಸಿಕೊಂಡರೆ ಮೌಸು ಎಳೆಯುವ ಪ್ರಮೇಯವೇ ಬರದು. ಅದಕ್ಕಿಂತ ಒಳ್ಳೆಯದು, ಊರಿನಲ್ಲಿ ಉಳಿದಿರುವ ಪೇಂಟರ್ ಕೈಯಿಂದಲೇ ಹೆಸರು ಬರೆಸಿ, ಅದನ್ನು ಸ್ಕ್ಯಾನ್ ಮಾಡಿ ಲೋಹದಲ್ಲೋ ಕಟ್ಟಿಗೆಯಲ್ಲೋ ಕೊರೆಸುವುದು. ಸಿಎನ್‌ಸಿ ಯಂತ್ರಕ್ಕೆ ಯಾವ ಗೆರೆ ಕೊಟ್ಟರೂ ಒಂದೇ.

ಗಾತ್ರದ ಮಾತು ಬಂದಾಗ ಅಂಗಡಿಯವರ ಬೇಡಿಕೆ ಎಲ್ಲ ಊರಲ್ಲೂ ಒಂದೇ: ‘ದೊಡ್ಡದಾಗಿ ಬರೀರಿ, ಆ ಕಡಿ ಚೌಕಿನಿಂದ ಕಾಣಬೇಕು!’ ಬೋರ್ಡಿನ ಕಸುಬಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಒಂದು ಅಂದಾಜಿದೆ. ಒಂದು ಅಂಗುಲ ಎತ್ತರದ ಅಕ್ಷರ ಹತ್ತು ಅಡಿ ದೂರಕ್ಕೆ ಆರಾಮವಾಗಿ ಓದಿಸಿಕೊಳ್ಳುತ್ತದೆ. ಇದು ಇಂಗ್ಲಿಷ್ ಅಕ್ಷರಕ್ಕೆ ಹಾಕಿದ ಲೆಕ್ಕ. ಒಳಗೆ ಸುಳಿ-ಕೊಂಬು ಹೆಚ್ಚಿರುವ ಕನ್ನಡಕ್ಕೆ ಕಾಲು ಭಾಗ ಕೂಡಿಸಿಕೊಳ್ಳಬೇಕು. ಹಳೆಯ ಪೇಟೆಯ ಬೀದಿ ಎಷ್ಟು ಅಗಲ? ಮೂವತ್ತು ಅಡಿ ಎಂದುಕೊಂಡರೂ ಎದುರು ಬದಿಯಿಂದ ಓದಲು ನಾಲ್ಕು ಅಂಗುಲದ ಅಕ್ಷರ ಬೇಕಾದಷ್ಟಾಯಿತು. ಆರು ಅಂಗುಲ ಇಟ್ಟರೆ ಸುಮಾರು ಐವತ್ತು ಅಡಿ ಆಚೆಯಿಂದ ಬರುವ ಗಿರಾಕಿಗೂ ಕಾಣುತ್ತದೆ. ಈಗ ತೊಲೆಯ ಮೇಲಿನ ಎರಡು ಅಡಿಯ ಪಟ್ಟಿಗೆ ವಾಪಸು ಬರೋಣ. ದೇವರ ಸಾಲಿಗೆ ಎರಡು ಅಂಗುಲ, ಕನ್ನಡ ಹೆಸರಿಗೆ ಆರು, ಒತ್ತು ಇಳಿಯಲು ನಾಲ್ಕು, ಬೇಕೆಂದರೆ ಇಂಗ್ಲಿಷಿಗೆ ಮೂರು. ಹದಿನೈದು ಅಂಗುಲ ಆಯಿತು, ಒಂಬತ್ತು ಅಂಗುಲ ಉಸಿರಾಡಲು ಉಳಿಯಿತು. ಕಾನೂನಿನ ಪ್ರಮಾಣವೂ ಸಿಕ್ಕಿತು, ಕಮಾನೂ ಉಳಿಯಿತು. ನಾಲ್ಕು ಅಡಿ ಎತ್ತರದ ಬೋರ್ಡು ಯಾರಿಗೆ ಬೇಕಾಗಿದೆ ಎಂದರೆ, ಅಡಿಯ ಲೆಕ್ಕದಲ್ಲಿ ದುಡ್ಡು ಎಣಿಸುವವರಿಗೆ.

ಹಳೆಯ ಪೇಟೆಯ ಬೋರ್ಡುಗಳನ್ನು ಹದ್ದಿನಲ್ಲಿಟ್ಟ ಊರುಗಳು ಹೊರಗೆ ಬೇಕಾದಷ್ಟಿವೆ. ಆಸ್ಟ್ರಿಯಾದ ಸಾಲ್ಜ್‌ಬರ್ಗಿನ ಗೆಟ್ರೈಡೆಗಾಸ್ಸೆ ಬೀದಿಯಲ್ಲಿ ಬರ್ಗರ್ ಮಾರುವ ಅಮೆರಿಕದ ಕಂಪನಿಯೂ ಕಬ್ಬಿಣ ಬಗ್ಗಿಸಿ ಮಾಡಿದ ತೂಗುಫಲಕವನ್ನೇ ಹಾಕಿಕೊಂಡಿದೆ. ಜಪಾನಿನ ಕ್ಯೋಟೊ 2007ರಲ್ಲಿ ಮಾಳಿಗೆಯ ಮೇಲಿನ ಜಾಹೀರಾತು, ಮಿಣುಕುವ ದೀಪದ ಬೋರ್ಡುಗಳನ್ನು ಊರಿಡೀ ನಿಷೇಧಿಸಿತು. ಕನ್ನಡಿಗರಿಗೆ ಹತ್ತಿರದ್ದು ಜೈಪುರ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು 1942ರಲ್ಲಿ ಅಲ್ಲಿಗೆ ಪ್ರಧಾನಿಯಾಗಿ ಹೋದರು, ಅಲ್ಲಿನ ಬಜಾರುಗಳನ್ನು ಹಸನು ಮಾಡಿಸಿದರು. ದೊಡ್ಡ ರಸ್ತೆಯೊಂದು ಇಂದಿಗೂ ಅವರ ಹೆಸರಿನಲ್ಲಿದೆ. ಜೈಪುರದ ಕೋಟೆಗೋಡೆಯೊಳಗಿನ ನಗರದ ಬಜಾರಿನಲ್ಲಿ ಅಂಗಡಿಗಳ ಮೇಲೆ ಒಂದೇ ಎತ್ತರದ, ಒಂದೇ ಬಗೆಯ ಅಕ್ಷರಗಳ ಸಾಲು ಕಾಣುತ್ತದೆ. 2019ರಲ್ಲಿ ಆ ನಗರ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಜೈಪುರದ ಶಿಸ್ತನ್ನು ಇಲ್ಲಿಗೆ ಹಾಗೇ ತರಬಾರದು. ಅದು ಒಬ್ಬ ರಾಜ ಗೆರೆ ಎಳೆದು ಕಟ್ಟಿಸಿದ ಊರು. ನಮ್ಮ ಪೇಟೆಗಳು ಒಂದೊಂದು ಮನೆತನ ಒಂದೊಂದು ಕಾಲಕ್ಕೆ ಕಟ್ಟಿಕೊಂಡವು. ಇಲ್ಲಿ ಎಲ್ಲ ಬೋರ್ಡಿಗೂ ಒಂದೇ ಬಣ್ಣ ಎಂದರೆ ಬೀದಿ ಸರ್ಕಾರಿ ಕಚೇರಿಯ ಓಣಿಯಂತಾಗುತ್ತದೆ. ಜಾಗ, ಎತ್ತರ, ಬೆಳಕು ಈ ಮೂರಕ್ಕೆ ಕಟ್ಟುಪಾಡು ಇರಲಿ: ಬೋರ್ಡು ತೊಲೆಯ ಪಟ್ಟಿ ದಾಟಬಾರದು, ಬೆಳಕು ಮೇಲಿನಿಂದ ಬೋರ್ಡಿನ ಮೇಲೆ ಬೀಳಬೇಕೇ ಹೊರತು ಬೋರ್ಡಿನೊಳಗಿಂದ ಕಣ್ಣಿಗೆ ಚುಚ್ಚಬಾರದು. ಬಣ್ಣ, ಅಕ್ಷರ, ಚಿತ್ರ ಅಂಗಡಿಯವರ ಖುಷಿಗೆ ಬಿಟ್ಟದ್ದು.

ಆ ಖುಷಿಗೆ ಊರು ತಾನೇ ಸಾಮಾನು ಒದಗಿಸುತ್ತದೆ. ಬನಹಟ್ಟಿಯ ಸೋಮವಾರ ಪೇಟೆ, ಮಂಗಳವಾರ ಪೇಟೆಗಳಲ್ಲಿ ಅಂಗಡಿ ಇಟ್ಟವರು ಬಣ್ಣಕ್ಕಾಗಿ ಕ್ಯಾಟಲಾಗು ತಿರುವಬೇಕೇ? ಇಳಕಲ್ ಸೀರೆಯ ದಾಳಿಂಬರ ಕೆಂಪು, ನವಿಲು ಹಸಿರು, ಗಿಣಿ ಹಸಿರು ಈ ಸೀಮೆಯ ಮಗ್ಗಗಳಲ್ಲಿ ಆಡಿದ ಬಣ್ಣಗಳು. ಮುಧೋಳ ರನ್ನನ ಊರು. ಬಳೆಗಾರರ ಮನೆತನದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೆ ಏರಿದ ಕವಿ. ಅಲ್ಲಿನ ಬಳೆ ಅಂಗಡಿಯೊಂದರ ಮುಂದೆ ಲೋಹದ ಬಳೆಗಳ ಗೊಂಚಲೇ ತೂಗುಫಲಕವಾದರೆ ಓದು ಬಾರದವರಿಗೂ ತಿಳಿಯುತ್ತದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಮುಧೋಳದ ಬೇಟೆ ನಾಯಿಯ ನೀಳ ದೇಹ, ಒಂದೇ ಗೆರೆಯಲ್ಲಿ ಕತ್ತರಿಸಬಹುದಾದಂಥ ಲಾಂಛನ.

ಬೀಳಗಿಯದು ಸಣ್ಣ ಪೇಟೆ, ಸಮಸ್ಯೆ ಬೇರೆ. ಆಲಮಟ್ಟಿಯ ಹಿನ್ನೀರಿಗೆ ಈ ತಾಲ್ಲೂಕಿನ ಅನೇಕ ಊರುಗಳು ಹೋದವು. ಬಾಗಲಕೋಟೆಯ ಹಳೆಯ ಪೇಟೆಯ ಭಾಗವೂ ಮುಳುಗಿ, ವ್ಯಾಪಾರ ನವನಗರದ ಸೆಕ್ಟರ್ ನಂಬರುಗಳಿಗೆ ಹಂಚಿಹೋಯಿತು. ಅರೆತ್ತಿನ ಬಾವಿಯಂಥ ಹಳೆಯ ರಚನೆಯನ್ನು ಇಟ್ಟುಕೊಂಡ ಬೀಳಗಿ ಇನ್ನೂ ತನ್ನ ಜಾಗದಲ್ಲೇ ಇದೆ. ಹತ್ತಿರದ ದೊಡ್ಡ ಪೇಟೆಯೊಂದು ಹೇಗೆ ಹೋಯಿತೆಂದು ಕಣ್ಣಾರೆ ಕಂಡ ಜನ ತಮ್ಮ ಅಂಗಡಿಯ ಮೋರೆಯನ್ನು ತಾವೇ ಶೀಟಿನ ಹಿಂದೆ ಮುಳುಗಿಸುವುದು ಸೋಜಿಗ. ಇಲ್ಲಿ ಮೊದಲು ಆಗಬೇಕಾದ್ದು ಹೊಸ ಬೋರ್ಡಲ್ಲ, ಇರುವುದರ ಪಟ್ಟಿ. ಬಾಗಿಲ ಮೇಲೆ ಕಲ್ಲಿನಲ್ಲೇ ಹೆಸರು, ಇಸವಿ ಕೆತ್ತಿದ ಕಟ್ಟಡಗಳಿದ್ದರೆ, ಅವು ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಉರ್ದುವಿನಲ್ಲಿರಲಿ, ಫೋಟೊ ತೆಗೆದು ದಾಖಲಿಸಬೇಕು. ಕೆತ್ತನೆಯ ಕಲ್ಲಿಗೆ ಶೇಕಡಾವಾರು ಲೆಕ್ಕ ಹಚ್ಚಬಾರದು. ಕನ್ನಡದ ಹೊಸ ಬೋರ್ಡು ಅದರ ಕೆಳಗೆ ಗೌರವದಿಂದ ಕೂರಲಿ.

ಇಷ್ಟೆಲ್ಲ ಮಾಡಿಸುವವರು ಯಾರು, ದುಡ್ಡು ಯಾರದು ಎಂಬ ಪ್ರಶ್ನೆ ಉಳಿಯಿತು. ನಗರಸಭೆ, ಪುರಸಭೆಗಳು ಪರವಾನಗಿ ಕೊಡುವಾಗಲೇ ಬೋರ್ಡಿನ ಜಾಗ-ಎತ್ತರದ ಒಂದು ನಕ್ಷೆ ಕೇಳಬಹುದು, ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಠರಾವು ಸಾಕು. ಆದರೆ ಸರ್ಕಾರಕ್ಕಾಗಿ ಕಾಯುವುದು ಜಮಖಂಡಿ ಸೀಮೆಯವರ ಜಾಯಮಾನವಲ್ಲ. ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಡಿ ಎಂದು ಕೇಳಿ ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ ಕಟ್ಟಿ ಮುಗಿಸಿದರು. ನದಿಗೆ ಅಡ್ಡಗಟ್ಟೆ ಹಾಕಿದ ಜನರಿಗೆ ಒಂದು ಓಣಿಯ ಮೂವತ್ತು ಬೋರ್ಡು ಭಾರವಾಗಲಾರದು. ತಗಡು, ಬಣ್ಣ, ಪೇಂಟರ್ ಕೂಲಿ ಒಟ್ಟಿಗೆ ಗೊತ್ತುಮಾಡಿದರೆ ಬಿಡಿಬಿಡಿಯಾಗಿ ಎಲ್‌ಇಡಿ ಹಾಕಿಸುವುದಕ್ಕಿಂತ ಅಗ್ಗವಾಗಿಯೇ ಮುಗಿಯುತ್ತದೆ. ಊರೂರಿಗೂ ಇರುವ ಪತ್ತಿನ ಸಹಕಾರಿ ಸಂಘಗಳು ಇಂಥದ್ದಕ್ಕೆ ಸಣ್ಣ ಸಾಲ ಕೊಡಲು ಹಿಂದೆಗೆಯಬಾರದು.

ಆದ್ದರಿಂದ ಜಮಖಂಡಿಯ, ಮುಧೋಳದ, ಬೀಳಗಿಯ, ರಬಕವಿ-ಬನಹಟ್ಟಿಯ ವ್ಯಾಪಾರಸ್ಥರ ಸಂಘಗಳಲ್ಲಿ ವಿನಂತಿ ಇಷ್ಟು. ಬರುವ ದೀಪಾವಳಿಯ ಸುಣ್ಣಬಣ್ಣಕ್ಕೆ ಮುಂಚೆ ನಿಮ್ಮ ಪೇಟೆಯಲ್ಲಿ ಒಂದು ಓಣಿಯನ್ನು, ಒಂದನ್ನೇ ಆರಿಸಿಕೊಳ್ಳಿ. ಹೊಸ ಬೋರ್ಡಿಗೆ ಆರ್ಡರ್ ಕೊಡುವ ಮೊದಲು ಎದುರು ಅಂಗಡಿಯ ಕಟ್ಟೆಯ ಮೇಲೆ ನಿಂತು ನಿಮ್ಮ ಅಂಗಡಿಯನ್ನು ನೋಡಿ, ತೊಲೆಯ ಮೇಲಿನ ಪಟ್ಟಿಯನ್ನು ಟೇಪು ಹಿಡಿದು ಅಳೆಯಿರಿ, ಆ ಅಳತೆಯ ಚೀಟಿ ಹಿಡಿದುಕೊಂಡೇ ಪೇಂಟರ್ ಹತ್ತಿರ ಹೋಗಿ.